ವ್ಯಾನಿನ ಹಿಂದೆ ಸೈಕಲ್: ಬಾಗಿಲಿಗೋ, ಚಾಸಿಗೋ?

ಬೆಳಗಾವಿಯಿಂದ ಬಾದಾಮಿಗೋ ಚೋರ್ಲಾ ಘಾಟಿಗೋ ಕ್ಯಾಂಪರ್ ವ್ಯಾನಿನಲ್ಲಿ (ಒಳಗೇ ಮಲಗಿ, ಅಡುಗೆ ಮಾಡುವಂಥ ವ್ಯಾನು) ಹೊರಡುವವರಿಗೆ ಸೈಕಲ್ ಹಿಂದೆ ಕಟ್ಟಲು ಎರಡು ದಾರಿ: ಹಿಂಬಾಗಿಲಿಗೆ ತೂಗುಹಾಕುವ ರ‍್ಯಾಕ್, ಇಲ್ಲವೇ ಚಾಸಿಗೆ, ಅಂದರೆ ವ್ಯಾನಿನ ಅಡಿಯ ಚೌಕಟ್ಟಿಗೆ, ಬೋಲ್ಟ್ ಮಾಡಿದ ಹಿಚ್ ರ‍್ಯಾಕ್.

ಬಾಗಿಲ ರ‍್ಯಾಕ್ ಹಗುರ, ಬಿಚ್ಚುವುದೂ ಸುಲಭ. 12–15 ಕಿಲೋದ ಎರಡು ಸಾದಾ ಸೈಕಲ್ಲಿಗೆ ಸಾಕು. ಆದರೆ ಭಾರವೆಲ್ಲ ಕೀಲುಗಳ ಮೇಲೆ. 25 ಕಿಲೋದ ಎರಡು ಬ್ಯಾಟರಿ ಸೈಕಲ್ ಏರಿಸಿ ತಗ್ಗು-ದಿಣ್ಣೆಯ ರಸ್ತೆಗೆ ಇಳಿದರೆ ಬಾಗಿಲು ಜೋಲುತ್ತದೆ, ಸಂದಿಯಿಂದ ಧೂಳು ಒಳಗೆ ನುಗ್ಗುತ್ತದೆ. ಎರೆಮಣ್ಣಿನ ಧೂಳು ಹಾಸಿಗೆಗೆ ಹತ್ತಿದರೆ ಕೇಳಬೇಡಿ!

ಹಿಚ್ ರ‍್ಯಾಕ್ ಕೆಳಗಿರುತ್ತದೆ. ಎತ್ತುವ ಸೊಂಟಕ್ಕೆ ಸುಖ, ಸಾಮಾನಿನ ಪೆಟ್ಟಿಗೆಯನ್ನೂ ಇಡಬಹುದು. ತೊಡಕು ಇರುವುದು ತೂಕದ ಲೆಕ್ಕದಲ್ಲಿ. ಮುಂದಿನ–ಹಿಂದಿನ ಗಾಲಿಗಳ ಅಚ್ಚುಗಳ ನಡುವೆ 3 ಮೀಟರ್ ಇದ್ದು, 60 ಕಿಲೋ ಹೊರೆ ಹಿಂದಿನ ಅಚ್ಚಿನಿಂದ 1.5 ಮೀಟರ್ ಆಚೆ ಕೂತರೆ, ಹಿಂದಿನ ಅಚ್ಚಿನ ಮೇಲೆ ಬೀಳುವುದು 90 ಕಿಲೋ. ಏತದ ಹಾಗೆ ಮುಂದಿನದು 30 ಕಿಲೋ ಹಗುರಾಗುತ್ತದೆ, ಆ ಭಾರವೂ ಹಿಂದಕ್ಕೇ ಸೇರುತ್ತದೆ. ಮುಂದಿನ ಗಾಲಿ ಹಗುರಾದಷ್ಟೂ ಸ್ಟೇರಿಂಗಿಗೆ ಹಿಡಿತ ಕಡಿಮೆ. ಹಾಗಾಗಿ ನೀರಿನ ಕ್ಯಾನು, ಗ್ಯಾಸ್ ಒಲೆ ವ್ಯಾನಿನ ಒಳಗೇ ಇರಲಿ. ಇನ್ನು, ಬಾಲ ಉದ್ದವಾಗುವುದರಿಂದ ಇಳಿಜಾರಿನ ಬುಡದಲ್ಲಿ ನೆಲಕ್ಕೆ ಉಜ್ಜುವ ಭಯವೂ ಇದೆ.

ಎರಡರಲ್ಲೂ ನಂಬರ್ ಪ್ಲೇಟ್, ಬ್ರೇಕ್ ಲೈಟ್ ಮರೆಯಾಗಬಾರದು.

ವರ್ಷಕ್ಕೆರಡು ಸಲ ಹೋಗುವವರಿಗೆ ಬಾಗಿಲ ರ‍್ಯಾಕ್ ಸಾಕು. ಬ್ಯಾಟರಿ ಸೈಕಲ್ ಇದ್ದರೆ ನಾನಂತೂ ಹಿಚ್ಚನ್ನೇ ಹಾಕಿಸುವೆ, ಅದೂ ಪಕ್ಕಕ್ಕೆ ಸರಿಯುವಂಥದ್ದು. ಇಲ್ಲದಿದ್ದರೆ ಹಿಂಬಾಗಿಲಿಗೆ ರ‍್ಯಾಕ್ ಅಡ್ಡವಾಗಿ, ಚಹಾದ ಪುಡಿ ತೆಗೆಯಲೂ ಸೈಕಲ್ ಇಳಿಸಬೇಕಾಗುತ್ತದೆ.