ಕಾಲಿಗಿಂತ ಮೊದಲು ಕೈ ಸೋಲುತ್ತದೆ: ದೂರದ ದಾರಿಯಲ್ಲಿ ನನ್ನ ಹೈಬ್ರಿಡ್ ಸೈಕಲ್

ನಿಮ್ಮ ಹತ್ತಿರ ನೆಟ್ಟಗಿನ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್ (ರೇಸ್ ಸೈಕಲಿಗೂ ಗುಡ್ಡಗಾಡಿನ ಸೈಕಲಿಗೂ ನಡುವಿನದು) ಇದ್ದು, ಅದರಲ್ಲೇ ನೂರು ಕಿಲೋಮೀಟರ್ ದಾಟುವ ಆಸೆ ಇದ್ದರೆ ಇದನ್ನು ಓದಿ. ನನ್ನದು ಸುಮಾರು 30 ಸಾವಿರದ ಸೈಕಲ್. ಬೆಂಗಳೂರಿನಲ್ಲಿ ಆಫೀಸಿಗೂ ಅದೇ, ಭಾನುವಾರದ ದೂರದ ಸವಾರಿಗೂ ಅದೇ. ಕೆಲವು ವರ್ಷಗಳಿಂದ ಹೀಗೇ ನಡೆದಿದೆ. ಗೇರ್ ಎಷ್ಟು, ತೂಕ ಎಷ್ಟು ಅನ್ನೋದನ್ನೆಲ್ಲ ಅಂಗಡಿಯವರೇ ಹೇಳುತ್ತಾರೆ. ಕೈ ಜೋಮು ಹಿಡಿಯುವ ವಿಷಯ ಮಾತ್ರ ಯಾರೂ ಹೇಳುವುದಿಲ್ಲ.

ಮೊದಲ 40 ಕಿ.ಮೀ. ಏನೂ ಗೊತ್ತಾಗುವುದಿಲ್ಲ. ನಾನು ಹೆಚ್ಚಾಗಿ ಹೋಗುವುದು ಕನಕಪುರ ರಸ್ತೆಯಲ್ಲಿ. ಸಾತನೂರು, ಹಲಗೂರು, ಮಳವಳ್ಳಿ, ಕಿರುಗಾವಲು, ಬನ್ನೂರು ದಾಟಿ ಮೈಸೂರು. ಕನಕಪುರ ಬರುವಷ್ಟರಲ್ಲಿ ಕಿರುಬೆರಳಲ್ಲಿ ಚುಮುಚುಮು ಶುರು. ಹಲಗೂರಿಗೆ ಉಂಗುರ ಬೆರಳೂ ಸೇರಿಕೊಳ್ಳುತ್ತದೆ. ಮಳವಳ್ಳಿಯ ಹೋಟೆಲಿನಲ್ಲಿ ಕೂತು ನೀರಿನ ಬಾಟಲಿ ಮುಚ್ಚಳ ತಿರುಗಿಸಲು ಹೋದರೆ ಬೆರಳು ಹೇಳಿದ ಮಾತು ಕೇಳುವುದಿಲ್ಲ. ಕಾಲಲ್ಲಿ ಇನ್ನೂ ಬೇಕಾದಷ್ಟು ಕಸುವು ಇರುತ್ತದೆ, ಉಸಿರೂ ಸರಿಯಾಗಿರುತ್ತದೆ, ಕೈಯಿಂದಾಗಿ ನಿಲ್ಲಬೇಕು. ಇದು ನನಗೆ ಬಹಳ ಬೇಜಾರು ತರಿಸಿದ ಸಂಗತಿ. ಒಮ್ಮೆಯಂತೂ ರಾತ್ರಿ ಅನ್ನ ಸಾರು ಕಲಸುವಾಗ ಬಿಸಿ ಎಷ್ಟಿದೆ ಅಂತ ಆ ಎರಡು ಬೆರಳಿಗೆ ಗೊತ್ತೇ ಆಗಲಿಲ್ಲ.

ಕಾರಣ ಸರಳ. ಮಣಿಕಟ್ಟಿನ ಹತ್ತಿರ, ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ ಒಂದು ಇಕ್ಕಟ್ಟಾದ ಜಾಗ ಇದೆ. ಅಲ್ನಾರ್ ನರ ಅದರ ಮೂಲಕ ಹಾದು ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಹೋಗುತ್ತದೆ. ಮೈಯ ಭಾರ ಗಂಟೆಗಟ್ಟಲೆ ಅಲ್ಲೇ ಕೂತರೆ ನರ ಒತ್ತಿಹೋಗುತ್ತದೆ. ರೋಡ್ ಬೈಕ್, ಅಂದರೆ ರೇಸ್ ಸೈಕಲಿನ ಬಾಗಿದ ಹ್ಯಾಂಡಲ್‌ನಲ್ಲಿ ಕೈ ಇಡಲು ಮೂರು ಜಾಗ ಇರುತ್ತದೆ. ಮೇಲೆ, ಬ್ರೇಕ್ ಹಿಡಿಕೆಯ ಮೇಲೆ, ಕೆಳಗೆ. ಹೀಗೆ ಬದಲಿಸುತ್ತಾ ಹೋಗಬಹುದು. ನಮ್ಮ ನೆಟ್ಟಗಿನ ಹ್ಯಾಂಡಲ್‌ನಲ್ಲಿ ಇರುವುದೇ ಒಂದು ಜಾಗ.

ಬಾಗಿದ ಹ್ಯಾಂಡಲ್ ಹಾಕಿಸಿಬಿಡು ಅಂತ ಗೆಳೆಯರು ಹೇಳಿದರು. ಕೇಳಲು ಚೆನ್ನಾಗಿದೆ, ಲೆಕ್ಕ ಹಾಕಿ ನೋಡಿದರೆ ಬೇಡ ಅನ್ನಿಸಿತು. ನೆಟ್ಟಗಿನ ಹ್ಯಾಂಡಲ್‌ನಲ್ಲಿ ಹಿಡಿಕೆ ಕೂರುವ ಜಾಗದ ದಪ್ಪ 22.2 ಮಿ.ಮೀ., ಬಾಗಿದ ಹ್ಯಾಂಡಲ್‌ದು 23.8 ಮಿ.ಮೀ. ಹಾಗಾಗಿ ಈಗಿರುವ ಬ್ರೇಕ್ ಲಿವರ್, ಗೇರ್ ಶಿಫ್ಟರ್ ಅದಕ್ಕೆ ಕೂರುವುದಿಲ್ಲ. ವಿ-ಬ್ರೇಕ್ (ಎರಡು ಉದ್ದ ತೋಳು ಚಕ್ರದ ರಿಮ್ಮನ್ನು ಒತ್ತಿ ಹಿಡಿಯುವ ಬ್ರೇಕ್) ಇದ್ದರೆ ಇನ್ನೊಂದು ತಕರಾರು. ಅದಕ್ಕೆ ಕೇಬಲ್ ಜಾಸ್ತಿ ಎಳೆಯಬೇಕು, ರೋಡ್ ಬೈಕಿನ ಸಾಮಾನ್ಯ ಲಿವರ್ ಅಷ್ಟು ಎಳೆಯುವುದಿಲ್ಲ. ಇದೆಲ್ಲ ದುಡ್ಡು ಸುರಿದು ಸರಿ ಮಾಡಬಹುದು ಅಂದುಕೊಳ್ಳಿ, ಫ್ರೇಮು? ಹೈಬ್ರಿಡ್ ಫ್ರೇಮನ್ನು ನೆಟ್ಟಗಿನ ಹ್ಯಾಂಡಲ್‌ಗೆ ಅಂತಲೇ ಸ್ವಲ್ಪ ಉದ್ದ ಮಾಡಿರುತ್ತಾರೆ. ಮುಂದಕ್ಕೆ ಚಾಚುವ ಬಾಗಿದ ಹ್ಯಾಂಡಲ್ ಅದಕ್ಕೆ ಹಾಕಿದರೆ ಕೈ ಎಟುಕಿಸಲು ಸೊಂಟ ಬಗ್ಗಿಸಿಕೊಂಡೇ ಇರಬೇಕು. ಕೈ ನೋವು ಹೋಗಿ ಬೆನ್ನು ನೋವು ಬಂದರೆ ಏನು ಲಾಭ?

ನನಗೆ ಉಪಯೋಗಕ್ಕೆ ಬಂದಿದ್ದು ಎರಡು ಸಣ್ಣ ಸಾಮಾನು. ಎರಡೂ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಒಂದು, ಹಿಂದೆ ರೆಕ್ಕೆಯಂತೆ ಅಗಲವಾಗಿರುವ ಗ್ರಿಪ್. ಅಂಗೈ ಪೂರ್ತಿ ಅದರ ಮೇಲೆ ಕೂರುತ್ತದೆ, ಭಾರ ಹಂಚಿಹೋಗುತ್ತದೆ. ಇನ್ನೊಂದು, ಬಾರ್ ಎಂಡ್ ಅನ್ನುವ ಗಿಡ್ಡ ಕೊಂಬುಗಳು. ಇವನ್ನು ಎಲ್ಲರೂ ಹ್ಯಾಂಡಲ್‌ನ ತುದಿಗೆ ಹಾಕುತ್ತಾರೆ. ನಾನು ಬ್ರೇಕ್ ಲಿವರ್‌ನ ಒಳಗಡೆಗೆ ಹಾಕಿಸಿದೆ. ಅಲ್ಲಿ ಹಿಡಿದರೆ ಎರಡು ಕೈ ಹತ್ತಿರ ಬರುತ್ತವೆ, ಹೆಬ್ಬೆರಳು ಮೇಲಕ್ಕೆ ನಿಲ್ಲುತ್ತದೆ, ಮಣಿಕಟ್ಟು ತಿರುಚುವುದಿಲ್ಲ. ಎದೆಯ ಅಗಲ ಕಡಿಮೆಯಾಗಿ ಎದುರು ಗಾಳಿಯ ಹೊಡೆತವೂ ಸ್ವಲ್ಪ ತಗ್ಗುತ್ತದೆ. ಆದರೆ ಅಲ್ಲಿಂದ ಬ್ರೇಕ್ ಎಟುಕುವುದಿಲ್ಲ. ಖಾಲಿ ರಸ್ತೆಯಲ್ಲಿ ಮಾತ್ರ ಹಿಡಿಯಿರಿ, ಊರು ಬಂದ ಕೂಡಲೇ ಕೈ ವಾಪಸ್ ಗ್ರಿಪ್‌ಗೆ ಬರಲಿ. ಸೀಟಿನ ಮೂತಿಯನ್ನೂ ನೋಡಿಕೊಳ್ಳಿ. ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಭಾರವೆಲ್ಲ ಕೈ ಮೇಲೆ ಬೀಳುತ್ತದೆ.

ಇಷ್ಟಾದ ಮೇಲೆ ಜೋಮು ಪೂರ್ತಿ ಹೋಯಿತಾ? ಇಲ್ಲ. ಕನಕಪುರದಲ್ಲಿ ಶುರುವಾಗುತ್ತಿದ್ದದ್ದು ಈಗ ಬನ್ನೂರಿನವರೆಗೆ ಮುಂದಕ್ಕೆ ಹೋಗಿದೆ. ನನಗೆ ಅಷ್ಟು ಸಾಕು. ನಿಮಗೆ ಸವಾರಿ ಮುಗಿದು ಕೆಲವು ದಿನ ಕಳೆದರೂ ಬೆರಳು ಸರಿಹೋಗದಿದ್ದರೆ ಸುಮ್ನೆ ಇರಬೇಡಿ, ಡಾಕ್ಟರಿಗೆ ತೋರಿಸಿ.

ಕೈ ಸರಿಯಾದ ಮೇಲೆ ಈ ಸೈಕಲ್ ಮೇಲಿನ ಪ್ರೀತಿ ಇನ್ನೂ ಜಾಸ್ತಿಯಾಯಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಾಫಿ ಡಿಕಾಕ್ಷನ್ ಇಳಿಯಲು ಬಿಟ್ಟು ಸೈಕಲ್ ಹತ್ತಿರ ಕೂರುತ್ತೇನೆ. ಹಳೇ ಬನಿಯನ್ ತುಂಡಿನಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿದರೆ ಬಟ್ಟೆಯ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ತೆಳುವಾಗುವವರೆಗೆ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಮೇಲಿನ ಜಿಡ್ಡು ತೆಗೆಯುತ್ತೇನೆ. ಜಿಡ್ಡು ಉಳಿದರೆ ಮಣ್ಣು ಅಂಟುತ್ತದೆ. ಆಮೇಲೆ ಟಯರಿಗೆ ಗಾಳಿ. ನನ್ನದು 35 ಮಿ.ಮೀ. ಟಯರ್, ಕಲ್ಲಾಗುವಷ್ಟು ಹೊಡೆಯುವುದಿಲ್ಲ. ಹೆಬ್ಬೆರಳಲ್ಲಿ ಜೋರಾಗಿ ಒತ್ತಿದರೆ ಚೂರು ತಗ್ಗಬೇಕು. ಅಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.

ಈ ಟಯರ್‌ಗಳ ಬೆಲೆ ಗೊತ್ತಾಗುವುದು ಹಂಪ್‌ಗಳ ಮೇಲೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸೈಕಲ್, ಬೈಕ್, ಆಟೋ ಬಿಡುವುದಿಲ್ಲ. ಕನಕಪುರ ರಸ್ತೆ ಬಿಟ್ಟು ಆ ದಾರಿಯಲ್ಲಿ ಹೋದರೆ ನಮಗೆ ಉಳಿದಿರುವುದು ಸರ್ವಿಸ್ ರಸ್ತೆ. ಅಲ್ಲಿ ಹಂಪ್, ಹಳ್ಳ, ಎದುರಿನಿಂದ ಬರುವ ಟ್ರ್ಯಾಕ್ಟರ್ ಎಲ್ಲ ಇರುತ್ತದೆ. ಬೆರಳು ಸದಾ ಬ್ರೇಕ್ ಮೇಲೆ ಇರುವುದು, ಅಗಲವಾದ ಹ್ಯಾಂಡಲ್ ಕೈಗೆ ಹಿಡಿತ ಕೊಡುವುದು ಅಲ್ಲಿ ದೊಡ್ಡ ಧೈರ್ಯ. ಕಿರುಗಾವಲು ಕಡೆ ನೆಟ್ಟಗೆ ಕೂತು ಗದ್ದೆ, ಕಬ್ಬು ನೋಡುತ್ತಾ ಹೋಗುವ ಸುಖ ಬಗ್ಗಿ ತುಳಿಯುವವರಿಗೆ ಸಿಗುವುದು ಕಷ್ಟ.

ವೇಗ ಕಡಿಮೆ ಅಲ್ವಾ ಅಂತ ಕೇಳುತ್ತಾರೆ. ಎದುರು ಗಾಳಿಯಲ್ಲಿ ಖಂಡಿತ ಕಡಿಮೆ. ಆದರೆ ಬಿ.ಆರ್.ಎಂ. ಅಂತ ದೂರದ ಸೈಕಲ್ ಸವಾರಿಗಳಿವೆ, ರೇಸ್ ಅಲ್ಲ, ಕೊಟ್ಟ ಸಮಯದೊಳಗೆ ಮುಗಿಸಿದರೆ ಸಾಕು. 200 ಕಿ.ಮೀ. ಬಿ.ಆರ್.ಎಂ.ಗೆ ಕೊಡುವುದು ಹದಿಮೂರೂವರೆ ಗಂಟೆ. ಊಟ, ಪಂಕ್ಚರ್ ಎಲ್ಲ ಸೇರಿಸಿ ಗಂಟೆಗೆ 15 ಕಿ.ಮೀ. ಬಂದರೆ ಆಯಿತು. ಅಷ್ಟು ಈ ಸೈಕಲ್ ಆರಾಮಾಗಿ ಕೊಡುತ್ತದೆ. ಹ್ಯಾಂಡಲ್ ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಮುಂದೆ ಸಸ್ಪೆನ್ಷನ್ ಇರುವ ಹೈಬ್ರಿಡ್ ಬೇಡ. ಈ ಬೆಲೆಯಲ್ಲಿ ಬರುವ ಸಸ್ಪೆನ್ಷನ್ ತೂಕ ಜಾಸ್ತಿ, ಏರಿನಲ್ಲಿ ಎದ್ದು ತುಳಿದರೆ ಕುಕ್ಕುತ್ತದೆ, ಟಾರ್ ರಸ್ತೆಯಲ್ಲಿ ಲಾಭ ಇಲ್ಲ. ಗಟ್ಟಿ ಫೋರ್ಕ್, ಅಗಲ ಟಯರ್ ಇರುವುದನ್ನು ತೆಗೆದುಕೊಳ್ಳಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಗ್ರಿಪ್ ಹಾಕಿಸಿ. ನಾನು 300 ಕಿ.ಮೀ. ಬಿ.ಆರ್.ಎಂ.ಗೂ ನನ್ನ ಈ ಸೈಕಲನ್ನೇ ಒಯ್ಯುವವನಿದ್ದೇನೆ. ಅದಕ್ಕೆ 20 ಗಂಟೆ ಸಿಗುತ್ತದೆ. ಹೊರಡುವ ಮೊದಲು ಎರಡನೇ ಬಾಟಲಿ ಸ್ಟ್ಯಾಂಡು, ಇನ್ನೊಂದು ಲೈಟು ಹಾಕಿಸಬೇಕು.