ಲೈಗೇಶನ್ ಕಿಟ್ ಜೊತೆ ಲೆಕ್ಕದ ಶೀಟ್ ಕಳಿಸಿದರೆ ನಂಬಬೇಡಿ

ಮೂರು ವಾರ ಹಾಳಾಯಿತು. ಬರೆಯೋಕೇ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಸುಮ್ನಿದ್ದರೆ ಇನ್ನೊಬ್ಬರು ಬೀಳುತ್ತಾರೆ.

ವೆಕ್ಟರ್ ಅನ್ನೋ ಹೊರುವ ಡಿಎನ್‌ಎಗೆ ಇನ್ಸರ್ಟ್ ಅನ್ನೋ ಬೇಕಾದ ಡಿಎನ್‌ಎ ತುಣುಕನ್ನು ಅಂಟಿಸೋ ಲೈಗೇಶನ್ ಕಿಟ್ ತರಿಸಿದ್ದೆ. ಮಾರಿದವರ ಟೆಕ್ನಿಕಲ್ ಸಪೋರ್ಟ್‌ನಿಂದ ಒಂದು ಎಕ್ಸೆಲ್ ಶೀಟೂ ಬಂತು. "ಇದರಲ್ಲಿ ತುಂಬಿ ಸರ್, ಇನ್ಸರ್ಟ್ ಎಷ್ಟು ಹಾಕಬೇಕು ಅಂತ ಅದೇ ಹೇಳುತ್ತೆ." ತುಂಬಿದೆ. ವೆಕ್ಟರ್ 5,000 ಬೇಸ್ ಪೇರ್ (ಡಿಎನ್‌ಎ ಉದ್ದದ ಅಳತೆ), 50 ನ್ಯಾನೋಗ್ರಾಂ. ಇನ್ಸರ್ಟ್ 500 ಬೇಸ್ ಪೇರ್. ಒಂದು ವೆಕ್ಟರ್‌ಗೆ ಮೂರು ಇನ್ಸರ್ಟ್. ಹಸಿರು ಚೌಕದಲ್ಲಿ ಉತ್ತರ ಬಂತು: 150 ನ್ಯಾನೋಗ್ರಾಂ. ಕಣ್ಣು ಮುಚ್ಚಿಕೊಂಡು ಹಾಕಿದೆ.

ಅಂಟಿಸಿದ್ದನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸಿದ ಪ್ಲೇಟಿನಲ್ಲಿ ಏಳೇ ಏಳು ಕಾಲನಿ. ಒಳಗೆ ಹೋದ ತುಣುಕಿನ ಉದ್ದ ನೋಡೋಕೆ ಕಾಲನಿ ಪಿಸಿಆರ್ ಮಾಡಿದರೆ 650ಕ್ಕೆ (ಇನ್ಸರ್ಟ್ 500, ಅಕ್ಕಪಕ್ಕದ ವೆಕ್ಟರ್ ಭಾಗ 150) ಬರಬೇಕಿದ್ದ ಬ್ಯಾಂಡ್ 1,150ರ ಹತ್ತಿರ ಕೂತಿದೆ. ಅಂದರೆ ಒಂದರ ಬದಲು ಎರಡು ಇನ್ಸರ್ಟ್ ಒಳಗೆ ಹೋಗಿವೆ. ಎರಡೂ ತುದಿ ಕತ್ತರಿಸೋಕೆ ಒಂದೇ ಎನ್‌ಜೈಮ್ ಬಳಸಿದ್ದೆ, ವೆಕ್ಟರ್ ತನಗೆ ತಾನೇ ಅಂಟಿಕೊಳ್ಳದಿರಲಿ ಅಂತ ಅದರ ಫಾಸ್ಫೇಟ್ ತೆಗೆದಿದ್ದೆ. ಇನ್ಸರ್ಟ್ ಅತಿಯಾದರೆ ಒಂದಕ್ಕೊಂದು ಅಂಟಿ ಇದೇ ಆಗೋದು.

ಸಪೋರ್ಟ್‌ಗೆ ಬರೆದೆ. "ಕಾಂಪಿಟೆಂಟ್ ಸೆಲ್ಸ್ ಹಳೆಯದಿರಬೇಕು ಸರ್." ಅಂದರೆ ಡಿಎನ್‌ಎ ಒಳಗೆ ತೆಗೆದುಕೊಳ್ಳೋ ಬ್ಯಾಕ್ಟೀರಿಯಾ. ಕತ್ತರಿಸದ ಪ್ಲಾಸ್ಮಿಡ್ (ಇಡೀ ಡಿಎನ್‌ಎ ಉಂಗುರ) ಹಾಕಿದ ಪ್ಲೇಟಿನಲ್ಲಿ ಎಣಿಸಲಾಗದಷ್ಟು ಕಾಲನಿ ಬಂದಿವೆ, ಸೆಲ್ಸ್ ಹೇಗೆ ಹಳೆಯದು? ಆದರೂ ಹೊಸದು ತರಿಸಿದೆ, ಅವರಿಂದಲೇ! ಮತ್ತೆ ಅದೇ ಕಥೆ. "ಬಫರ್ ಎಷ್ಟು ಸಲ ಕರಗಿಸಿದ್ರಿ?" ಇದು ನ್ಯಾಯವಾದ ಪ್ರಶ್ನೆ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅಂಟಿಸೋ ಎನ್‌ಜೈಮ್‌ಗೆ ಶಕ್ತಿ ಕೊಡೋ ಎಟಿಪಿ ಕೆಡುತ್ತೆ. ಹೊಸ ಬಫರ್ ತೆಗೆದೆ. ಮತ್ತೆ 1,150.

ಒಂದು ರಾತ್ರಿ ಶೀಟಿನಲ್ಲಿ 500 ಒತ್ತುವಾಗ ಕೈತಪ್ಪಿ ಇನ್ನೊಂದು ಸೊನ್ನೆ ಬಿತ್ತು. 5,000. ಹಸಿರು ಚೌಕ ಅಲ್ಲಾಡಲಿಲ್ಲ. 150. ವೆಕ್ಟರ್ ಉದ್ದ 10 ಅಂತ ಮಾಡಿದೆ. 150! ಉದ್ದದ ಆ ಎರಡು ಚೌಕ ಯಾವುದಕ್ಕೂ ಸೇರಿಯೇ ಇಲ್ಲ. ಶೀಟ್ ಮಾಡುತ್ತಿದ್ದದ್ದು 50 ಇಂಟು 3, ಅಷ್ಟೇ.

ಒಂದಕ್ಕೆ ಮೂರು ಅನ್ನೋದು ತೂಕ ಅಲ್ಲ, ಮೋಲಾರ್ ಅನುಪಾತ, ತುಣುಕುಗಳ ಎಣಿಕೆ. ಉದ್ದ ಹತ್ತರಲ್ಲೊಂದು ಭಾಗ ಇದ್ದರೆ ಅಷ್ಟೇ ತೂಕದಲ್ಲಿ ತುಣುಕು ಹತ್ತು ಪಟ್ಟು. 50 × 500 ÷ 5,000 × 3 = 15. ಹದಿನೈದು! ನಾನು ಹಾಕಿದ್ದು ಒಂದು ವೆಕ್ಟರ್‌ಗೆ ಮೂವತ್ತು ಇನ್ಸರ್ಟ್.

ಕೇಳಿದರೆ ಉತ್ತರ ನೋಡಿ. "ಉದ್ದದ ಕಾಲಂ ನಿಮ್ಮ ರೆಕಾರ್ಡ್‌ಗೆ ಇಟ್ಟಿದ್ದು ಸರ್." ರೆಕಾರ್ಡ್‌ಗಂತೆ! ಆಮೇಲೆ, "ಮೋಲಾರ್ ಅಂತ ತಮಗೆ ಗೊತ್ತಿರುತ್ತೆ ಅಂದುಕೊಂಡ್ವಿ." ಇದು ಚುಚ್ಚಿತು. ಗೊತ್ತಿತ್ತಲ್ವಾ, ಜೂನಿಯರ್‌ಗಳಿಗೆ ಇದೇ ಸೂತ್ರ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟವನು ನಾನೇ.

ಯಾರೇ ಶೀಟ್ ಕೊಡಲಿ, ಮೊದಲು ಉದ್ದ ಬದಲಿಸಿ ನೋಡಿ. ಉತ್ತರ ಕದಲದಿದ್ದರೆ ಮುಚ್ಚಿಬಿಡಿ, ಪೆನ್ನು ಹಿಡಿಯಿರಿ. ಡಿಎನ್‌ಎ ಎಷ್ಟಿದೆ ಅಂತ ಅಳೆಯೋ ನ್ಯಾನೋಡ್ರಾಪ್ ಯಂತ್ರದ ರೀಡಿಂಗ್ ಒಂದನ್ನೇ ನೆಚ್ಚಬೇಡಿ, ಪಿಸಿಆರ್‌ನಲ್ಲಿ ಉಳಿದ ಪ್ರೈಮರನ್ನೂ (ಚಿಕ್ಕ ಡಿಎನ್‌ಎ ಚೂರು) ಅದು ಇನ್ಸರ್ಟ್ ಜೊತೆಗೇ ಎಣಿಸುತ್ತೆ. ಜೆಲ್‌ನಲ್ಲಿ ಲ್ಯಾಡರ್ (ಅಳತೆ ಗೊತ್ತಿರೋ ಡಿಎನ್‌ಎ) ಪಕ್ಕ ಓಡಿಸಿ ಹೋಲಿಸಿ. 15 ಹಾಕಿದ ಮೇಲೆ ನನಗೆ ಮೊದಲ ಸಲಕ್ಕೇ 650 ಬಂತು.

ನಿನ್ನೆ ಪಕ್ಕದ ಬೆಂಚಿನವರಿಗೂ ಅದೇ ಕಿಟ್ ಬಂದಿದೆ. ಶೀಟ್ ಸಮೇತ. ಫೈಲ್ ಹೆಸರಿನ ಕೊನೆಗೆ 'ಹೊಸದು' ಅಂತ ಸೇರಿಸಿದ್ದಾರೆ. ತೆರೆದೆ, 500ಕ್ಕೆ 150 ತೋರಿಸುತ್ತಿತ್ತು. 5,000 ಮಾಡಿದೆ. 150.