ಚಾರಿಟಿ ಕಾಮಿಡಿ ಶೋ: ಟಿಕೆಟ್ ಇಡೋದಾ, ಡಬ್ಬಿ ಹಿಡಿಯೋದಾ?

ಸೇವಾ ಸಂಸ್ಥೆಗೆ ದುಡ್ಡು ಸೇರಿಸೋಕೆ ಕಾಮಿಡಿ ಶೋ ಮಾಡುವಾಗ ಹೆಸರುವಾಸಿ ಕಾಮಿಡಿಯನ್ ಒಬ್ಬರನ್ನ ಕರೆಸಿ ಟಿಕೆಟ್ ಇಡೋದಾ, ಇಲ್ಲ ಎಂಟ್ರಿ ಫ್ರೀ ಮಾಡಿ ನಾಲ್ಕೈದು ಜನರ ಕೈಲಿ ಹತ್ತತ್ತು ನಿಮಿಷ ಕಾಮಿಡಿ ಮಾಡಿಸಿ ದೇಣಿಗೆ ಡಬ್ಬಿ ಹಿಡಿಯೋದಾ ಅಂತ ಕೇಳಿದ್ರಲ್ಲ, ಮೊದಲು ದುಡ್ಡಿನ ಲೆಕ್ಕ ನೋಡಿ. ಟಿಕೆಟ್ ಆದ್ರೆ ಎಷ್ಟು ಬರತ್ತೆ ಅಂತ ಮುಂಚೇನೇ ಗೊತ್ತಾಗತ್ತೆ, ಆದ್ರೆ ಹಾಲ್ ಬಾಡಿಗೆ, ಸೌಂಡು, ಕಲಾವಿದರ ಓಡಾಟ, ಬುಕಿಂಗ್ ಕಮಿಷನ್ ಎಲ್ಲಾ ಕಳೆದು ಉಳಿದಿದ್ದಷ್ಟೇ ಸಂಸ್ಥೆಗೆ ಹೋಗೋದು, ಅರ್ಧ ಹಾಲ್ ಖಾಲಿ ಉಳಿದ್ರೆ ಕೈಯಿಂದ ಹಾಕ್ಬೇಕಾಗತ್ತೆ. ಡಬ್ಬಿ ಶೋಗೆ ಖರ್ಚು ಕಮ್ಮಿ, ಆದ್ರೆ ಎಷ್ಟು ಬೀಳತ್ತೆ ಅಂತ ಹೇಳೋಕಾಗಲ್ಲ.

ಡಬ್ಬಿ ಯಾವಾಗ ಹಿಡೀತೀರಿ ಅನ್ನೋದು ತುಂಬಾ ಮುಖ್ಯ. ಶೋ ಮುಗಿದ್ಮೇಲೆ ಹಿಡಿದ್ರೆ ಜನ ಚಪ್ಪಲಿ ಹುಡುಕ್ತಾ ಬಾಗಿಲ ಕಡೆ ನಡೆದಿರ್ತಾರೆ. ಕೊನೆಯವ್ರು ಸ್ಟೇಜಿಗೆ ಬರೋ ಮುಂಚೆ ಸಂಸ್ಥೆಯವ್ರು ಎರಡೇ ನಿಮಿಷ ದುಡ್ಡು ಯಾವುದಕ್ಕೆ ಅಂತ ನೇರವಾಗಿ ಹೇಳಿ, ಕ್ಯೂಆರ್ ಕೋಡ್ ಸ್ಕ್ರೀನ್ ಮೇಲೆ ಹಾಕಿ, ಆಗ ಡಬ್ಬಿ ಸಾಲಿಂದ ಸಾಲಿಗೆ ಹೋಗ್ಲಿ.

ರಿಸ್ಕ್ ವಿಷಯಕ್ಕೆ ಬಂದ್ರೆ, ಒಬ್ಬರನ್ನೇ ನಂಬಿದಾಗ ಅವ್ರು ಹುಷಾರು ತಪ್ಪಿದ್ರೆ ಶೋನೇ ಇಲ್ಲ, ಐದು ಜನ ಇದ್ರೆ ಒಬ್ರು ಬರದಿದ್ರೂ ನಡಿಯತ್ತೆ. ಅಮೆರಿಕದಲ್ಲಿ ಮನೆ ಇಲ್ಲದವರಿಗೋಸ್ಕರ 1986ರಲ್ಲಿ ಶುರುವಾದ ಕಾಮಿಕ್ ರಿಲೀಫ್ ಶೋನಲ್ಲೂ ರಾಬಿನ್ ವಿಲಿಯಮ್ಸ್, ಬಿಲ್ಲಿ ಕ್ರಿಸ್ಟಲ್, ವೂಪಿ ಗೋಲ್ಡ್‌ಬರ್ಗ್ ಮೂರೂ ಜನ ಸೇರಿ ನಡೆಸ್ತಿದ್ರು.

ಆಪರೇಷನ್ ಖರ್ಚಿನ ಥರ ಇಷ್ಟೇ ಮೊತ್ತ ಬೇಕು ಅಂತಿದ್ದು, ಹಾಲ್ ಪುಕ್ಕಟೆ ಕೊಡೋರು ಸಿಕ್ಕಿದ್ರೆ ಟಿಕೆಟ್ಟೇ ಇಡಿ. ಸಂಸ್ಥೆ ಹೊಸದು, ಮೊದಲು ಜನಕ್ಕೆ ಪರಿಚಯ ಆಗ್ಬೇಕು ಅಂದ್ರೆ ಡಬ್ಬಿ ಶೋ. ಯಾವುದೇ ಮಾಡಿ, ಬಂದಿದ್ದೆಷ್ಟು ಖರ್ಚಾಗಿದ್ದೆಷ್ಟು ಅಂತ ದುಡ್ಡು ಕೊಟ್ಟವರಿಗೆ ತಿಳಿಸಿ ದಯವಿಟ್ಟು.